ತಲೆ ಎಣಿಸಿದರು, ನಿಲುವು ಕೇಳಲಿಲ್ಲ

2023ರ ಜನವರಿ 9ರಂದು ಸಿದ್ದರಾಮಯ್ಯನವರು ಕೋಲಾರಕ್ಕೆ ಬಂದು, ವಿಧಾನಸಭಾ ಚುನಾವಣೆಗೆ ತಾವು ಇಲ್ಲಿಂದಲೇ ನಿಲ್ಲುವುದಾಗಿ ಘೋಷಿಸಿದರು. ಪಕ್ಷ ಅಧಿಕೃತವಾಗಿ ಹೆಸರಿಸಿರದಿದ್ದರೂ ಮುಖ್ಯಮಂತ್ರಿ ಸ್ಥಾನದ ಮುಂಚೂಣಿಯ ಅಭ್ಯರ್ಥಿ ಅವರೇ ಎಂಬುದು ಗುಟ್ಟಾಗಿರಲಿಲ್ಲ. ಮಾರನೆಯ ದಿನದಿಂದ ಪತ್ರಿಕೆಗಳಲ್ಲೂ ಟಿ.ವಿ.ಯಲ್ಲೂ ಒಂದೇ ಲೆಕ್ಕ. ಕ್ಷೇತ್ರದಲ್ಲಿ ಕುರುಬರೆಷ್ಟು, ದಲಿತರೆಷ್ಟು, ಮುಸ್ಲಿಮರೆಷ್ಟು, ಒಕ್ಕಲಿಗರು ಯಾರ ಕಡೆ, ಜಿಲ್ಲೆಯ ಕಾಂಗ್ರೆಸ್‌ನ ಎರಡು ಬಣಗಳಲ್ಲಿ ಯಾವುದು ಒಳಗಿಂದೊಳಗೇ ಕೈ ಕೊಡಬಹುದು. ಮಾರ್ಚ್ ಕೊನೆಯಲ್ಲಿ ಅವರಿಗೆ ವರುಣಾದ ಟಿಕೆಟ್ ಆಯಿತು. ಲೆಕ್ಕ ಹಾಕಿದವರು ಪುಸ್ತಕ ಮಡಚಿ ಬೇರೆ ಕ್ಷೇತ್ರಕ್ಕೆ ಹೋದರು.

ರಾಜ್ಯವಾಳಲು ಹೊರಟ ವ್ಯಕ್ತಿಯೊಬ್ಬರು ಎರಡೂವರೆ ತಿಂಗಳು ನಮ್ಮ ಜಿಲ್ಲೆಯ ಬಾಗಿಲಲ್ಲಿದ್ದರು. ಅವರ ನಿಲುವುಗಳನ್ನು ತೂಗಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿತ್ತೇ?

ನೀರಿನ ಮಾತನ್ನೇ ತೆಗೆದುಕೊಳ್ಳೋಣ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ. ಕೊಳವೆಬಾವಿಗಳು ಸಾವಿರ ಅಡಿ ದಾಟಿವೆ, ಹಲವೆಡೆ ಮೇಲೆ ಬರುವ ನೀರಿನಲ್ಲಿ ಫ್ಲೋರೈಡ್. 2016ರ ಮಾರ್ಚ್‌ನಲ್ಲಿ ಶಾಶ್ವತ ನೀರಾವರಿ ಕೇಳಿ ಟ್ರ್ಯಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟ ರೈತರ ಬೆನ್ನಿನ ಮೇಲೆ ಲಾಠಿ ಬಿತ್ತು. ಆಗ ಮುಖ್ಯಮಂತ್ರಿಯಾಗಿದ್ದವರು ಇದೇ ಸಿದ್ದರಾಮಯ್ಯ. ಕೋರಮಂಗಲ-ಚಲ್ಲಘಟ್ಟ ಕಣಿವೆಯ, ಅಂದರೆ ಕೆ.ಸಿ. ವ್ಯಾಲಿಯ ಯೋಜನೆ ಆರಂಭವಾದದ್ದೂ ಅವರ ಸರ್ಕಾರದಲ್ಲೇ. ಬೆಂಗಳೂರಿನ ಚರಂಡಿ ನೀರನ್ನು ಎರಡು ಹಂತ ಶುದ್ಧೀಕರಿಸಿ, ದಿನಕ್ಕೆ 44 ಕೋಟಿ ಲೀಟರಿನಷ್ಟನ್ನು 126 ಕೆರೆಗಳಿಗೆ ಹರಿಸುವ ಯೋಜನೆ ಅದು. 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಮರುತಿಂಗಳೇ ನೊರೆಯೂ ಬಂತು. ಹೈಕೋರ್ಟು ತಡೆಯಿತು, ನಂತರ ಬಿಟ್ಟಿತು. ಸುಪ್ರೀಂ ಕೋರ್ಟಿನಲ್ಲೂ ಹಾಗೆಯೇ ಆಯಿತು.

ನಾವು ಈ ಯೋಜನೆಯ ಶತ್ರುಗಳಲ್ಲ. ಒಣಗಿ ಬಿರಿದಿದ್ದ ಕೆರೆ ತುಂಬಿದ್ದನ್ನು, ಸುತ್ತಲಿನ ಬಾವಿಗಳಲ್ಲಿ ನೀರು ಮೇಲೇರಿದ್ದನ್ನು ಕಂಡವರಿಗೆ ಅದನ್ನು ಹಳಿಯುವ ಮನಸ್ಸು ಬಾರದು. ಆದರೆ ಈ ನೀರು ಭೂಮಿಗಿಳಿದು ಕೊಳವೆಬಾವಿಯ ಮೂಲಕ ಮತ್ತೆ ನಮ್ಮ ಬಿಂದಿಗೆಗೇ ಬರುತ್ತದೆ. ಆದ್ದರಿಂದ ಮೂರನೆಯ ಹಂತದ ಶುದ್ಧೀಕರಣ ಬೇಕು ಎಂದು ಹೋರಾಟಗಾರರು ಮೊದಲಿನಿಂದಲೂ ಕೇಳುತ್ತಿದ್ದಾರೆ. ಮಾಡಿಸುತ್ತೀರೋ ಇಲ್ಲವೋ, ಹಣ ಎಲ್ಲಿಂದ, ಎಷ್ಟು ವರ್ಷದಲ್ಲಿ? ಯೋಜನೆಯ ಯಶಸ್ಸಿನಲ್ಲಿ ಪಾಲು ಪಡೆಯಬಲ್ಲ ಅಭ್ಯರ್ಥಿಯೇ ಇದಕ್ಕೂ ಉತ್ತರ ಹೇಳಬೇಕಿತ್ತು. ಎತ್ತಿನಹೊಳೆಯದೂ ಅದೇ ಕಥೆ. 2014ರಲ್ಲಿ ಶಂಕುಸ್ಥಾಪನೆಯಾದಾಗ ಅಂದಾಜು ಸುಮಾರು 13 ಸಾವಿರ ಕೋಟಿ ರೂಪಾಯಿ, 2023ರ ಹೊತ್ತಿಗೆ 23 ಸಾವಿರ ಕೋಟಿ. ಮೊದಲ ಹಂತಕ್ಕೆ ಸಕಲೇಶಪುರದ ಬಳಿ ಚಾಲನೆ ಸಿಕ್ಕಿದ್ದು 2024ರ ಸೆಪ್ಟೆಂಬರಿನಲ್ಲಿ. ಸಕಲೇಶಪುರದಿಂದ ಮುಳಬಾಗಿಲು ಎಷ್ಟು ದೂರವೆಂದು ಓದುಗರಿಗೆ ಹೇಳಬೇಕಿಲ್ಲ.

ಇನ್ನು ನರಸಾಪುರ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಕಾರ್ಖಾನೆಯ ಗಾಜುಗಳು ಪುಡಿಯಾದಾಗ ದೇಶವೆಲ್ಲ ನಮ್ಮ ಹುಡುಗರನ್ನು ಗೂಂಡಾಗಳೆಂದಿತು. ಗುತ್ತಿಗೆ ಕೆಲಸ, ಕಡಿತವಾದ ಸಂಬಳ, ಲೆಕ್ಕಕ್ಕೆ ಸೇರದ ಹೆಚ್ಚುವರಿ ದುಡಿಮೆ ಎಂಬ ಕಾರಣಗಳು ಆಮೇಲೆ, ಒಳಪುಟಗಳಲ್ಲಿ ಬಂದವು. ಸಿದ್ದರಾಮಯ್ಯನವರು ಕೋಲಾರದ ಅಭ್ಯರ್ಥಿಯೆನಿಸಿಕೊಂಡಿದ್ದ 2023ರ ಫೆಬ್ರವರಿಯಲ್ಲೇ ಬಿಜೆಪಿ ಸರ್ಕಾರ ಕಾರ್ಖಾನೆ ಕಾಯಿದೆಗೆ ತಿದ್ದುಪಡಿ ತಂದು ದಿನಕ್ಕೆ 12 ಗಂಟೆ ದುಡಿಸಲು ದಾರಿ ಮಾಡಿತು. ವಿರೋಧ ಪಕ್ಷದ ನಾಯಕರೂ ಅವರೇ, ನರಸಾಪುರವಿರುವ ತಾಲ್ಲೂಕಿನ ಅಭ್ಯರ್ಥಿಯೂ ಅವರೇ. ಈ ಎರಡನ್ನು ಜೋಡಿಸಿ ಪ್ರಶ್ನೆಯಾಗಿಸಲು ವರದಿಗಾರರಿಗೆ ಪುರಸೊತ್ತಾಗಲಿಲ್ಲ. ಮೇನಲ್ಲಿ ಅವರು ಮುಖ್ಯಮಂತ್ರಿಯಾದರು. ತಿದ್ದುಪಡಿ ಹಿಂದಕ್ಕೆ ಹೋಗಲಿಲ್ಲ.

ಜನರೇ ನೀತಿಯನ್ನು ನೋಡುವುದಿಲ್ಲ, ಜಾತಿಗೇ ಮತ ಹಾಕುತ್ತಾರೆ ಎಂಬ ಸಮಾಧಾನ ನಮ್ಮ ಪಂಡಿತರಿಗಿದೆ. ನಾವು ಒಪ್ಪುವುದಿಲ್ಲ. ಅದೇ ಚುನಾವಣೆಯಲ್ಲಿ ಮನೆಯ ಯಜಮಾನಿಗೆ ಎರಡು ಸಾವಿರ ರೂಪಾಯಿ, ಬಸ್ಸಿನಲ್ಲಿ ಉಚಿತ ಪ್ರಯಾಣ ಎಂದಾಗ ಹೆಂಗಸರು ಆ ಗ್ಯಾರಂಟಿ ಚೀಟಿಯನ್ನು ಓದಿಸಿ, ಯಾವಾಗ, ಯಾರಿಗೆ, ಹೇಗೆ ಎಂದು ಕೇಳಿದರು. ಸ್ಪಷ್ಟವಾಗಿ ಹೇಳಿದ ನೀತಿಯನ್ನು ತೂಗಲು ಜನರಿಗೆ ಬರುತ್ತದೆ. ಹಾಗೆಂದು ಅದೊಂದೇ ತೂಕವೂ ಅಲ್ಲ. ಅದೇ ಚೀಟಿಯೊಂದಿಗೆ ಕಾಂಗ್ರೆಸ್ ಕೋಲಾರ, ಮಾಲೂರುಗಳಲ್ಲಿ ಗೆದ್ದಿತು. ಮುಳಬಾಗಿಲು, ಶ್ರೀನಿವಾಸಪುರಗಳು ಜನತಾದಳದ ಪಾಲಾದವು. ಮಾಲೂರಿನ ಅಂತರವಂತೂ 248 ಮತ, ಒಂದು ಸಾಧಾರಣ ಮಸೀದಿಯಲ್ಲಿ ಜುಮಾ ನಮಾಝಿಗೆ ಸೇರುವಷ್ಟು ಜನ. ಎಣಿಕೆಯ ತಕರಾರು ಹೈಕೋರ್ಟಿನವರೆಗೂ ಹೋಯಿತು.

ಶ್ರೀನಿವಾಸಪುರದ ಕುರಿತು ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಅಲ್ಲಿ ರಮೇಶ್ ಕುಮಾರ್ ಮತ್ತು ವೆಂಕಟಶಿವಾರೆಡ್ಡಿಯವರ ಕಾದಾಟಕ್ಕೆ ನಾಲ್ಕು ದಶಕ. ಊರೂರಿನಲ್ಲಿ ಮನೆಗಳು ‘ಸ್ವಾಮಿ’ಯ ಕಡೆ, ‘ರೆಡ್ಡಿ’ಯ ಕಡೆ ಎಂದು ಸೀಳಿವೆ. ರಮೇಶ್ ಕುಮಾರ್ ನೀತಿಯ ನಿಲುವುಳ್ಳ ಅಪರೂಪದ ರಾಜಕಾರಣಿ. 2017ರಲ್ಲಿ ಆರೋಗ್ಯ ಸಚಿವರಾಗಿ ಖಾಸಗಿ ಆಸ್ಪತ್ರೆಗಳ ಶುಲ್ಕಕ್ಕೆ ಕಡಿವಾಣ ಹಾಕಹೊರಟು ವೈದ್ಯರ ಮುಷ್ಕರವನ್ನೇ ಎದುರಿಸಿದವರು. 2021ರಲ್ಲಿ ಸದನದಲ್ಲೇ ಅತ್ಯಾಚಾರದ ಬಗ್ಗೆ ಹೇಸಿಗೆಯ ಮಾತಾಡಿ ಕ್ಷಮೆ ಕೇಳಿದವರೂ ಅವರೇ. ಒಂದೇ ತಕ್ಕಡಿಯಲ್ಲಿ ಎರಡನ್ನೂ ಇಡಬೇಕಿತ್ತು. 2023ರಲ್ಲಿ ಅವರು ಸೋತಾಗ ಹೆಚ್ಚಾಗಿ ಕೇಳಿಬಂದದ್ದು ಯಾವ ಬಣದ ಕೈ ಮೇಲಾಯಿತು ಎಂಬುದೊಂದೇ.

ಮುಸ್ಲಿಮ್ ಮತದಾರನನ್ನಂತೂ ಅಭ್ಯರ್ಥಿಗಳು ಏನನ್ನೂ ಕೇಳದ ಗಿರಾಕಿ ಎಂದೇ ಬಗೆದಿದ್ದಾರೆ. 2022ರಲ್ಲಿ ಕೋಲಾರದ ಕ್ಲಾಕ್ ಟವರಿಗೆ ಹೊಸ ಬಣ್ಣ ಬಳಿಯುವುದೇ ದೊಡ್ಡ ರಾಜಕೀಯವಾದಾಗ, ನಮ್ಮ ಮುಖಂಡರು ಕೇಳಿದ್ದು ರಕ್ಷಣೆಯೊಂದನ್ನೇ. ಹೆದರಿದವನಿಗೆ ರಕ್ಷಣೆಯ ಭರವಸೆ ಕೊಡುವುದು ಅಗ್ಗದ ಕೆಲಸ, ಅದಕ್ಕೆ ಬಜೆಟ್ಟಿನಲ್ಲಿ ಒಂದು ಸಾಲೂ ಬೇಡ. ಆದರೆ 2023ರ ಮಾರ್ಚ್ 24ರಂದು ಬೊಮ್ಮಾಯಿ ಸಂಪುಟ 2ಬಿ ಅಡಿಯ ಶೇ. 4ರ ಮೀಸಲಾತಿಯನ್ನು ರದ್ದು ಮಾಡಿದಾಗ ಪ್ರಶ್ನೆ ಕಾಗದದ ಮೇಲೆ ಬಂತು. ಕಾಂಗ್ರೆಸ್ ಮರಳಿ ಕೊಡುತ್ತೇವೆಂದಿತು. ಜನತಾದಳವೂ ರದ್ದತಿಯನ್ನು ವಿರೋಧಿಸಿತು. 1995ರಲ್ಲಿ ಈ ಶೇ. 4 ಕೊಟ್ಟದ್ದು ದೇವೇಗೌಡರ ಸರ್ಕಾರವೇ ತಾನೆ. ಅದೇ ಜನತಾದಳ ಸೆಪ್ಟೆಂಬರಿನಲ್ಲಿ ಬಿಜೆಪಿಯ ಕೂಟ ಸೇರಿತು. 2024ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯ ರಾಷ್ಟ್ರೀಯ ನಾಯಕರು ಇದೇ ಮೀಸಲಾತಿಯನ್ನು ಗುರಿಯಾಗಿಸಿ ಭಾಷಣ ಮಾಡುತ್ತಿದ್ದಾಗ, ಕೋಲಾರದಲ್ಲಿ ಕೂಟದ ಅಭ್ಯರ್ಥಿ ಜನತಾದಳದ ಮಲ್ಲೇಶ್ ಬಾಬು. ಕೊಟ್ಟವರ ಪಕ್ಷವೋ ಕಿತ್ತವರ ಕೂಟವೋ, ನೀವು ಯಾವುದರ ಪರ ಎಂದು ಅವರಿಂದ ಸ್ಪಷ್ಟ ಮಾತು ಪಡೆಯಬೇಕಿತ್ತು. ಕೇಳಬೇಕಿದ್ದ ಕಾಂಗ್ರೆಸ್ಸಿಗರು ಟಿಕೆಟ್ಟು ಕೆ.ಎಚ್. ಮುನಿಯಪ್ಪನವರ ಅಳಿಯನಿಗೋ ಬೇರೆಯವರಿಗೋ ಎಂದು ರಾಜೀನಾಮೆಯ ಬೆದರಿಕೆಯಲ್ಲಿ ಮುಳುಗಿದ್ದರು. ಮಲ್ಲೇಶ್ ಬಾಬು ಗೆದ್ದರು.

ಕೇಳದ ಪ್ರಶ್ನೆ ಹಾಗೆಯೇ ಸುಮ್ಮನಿರುವುದಿಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಮಾವಿಗೆ ಗಡಿ ಮುಚ್ಚಿತು. ಹಣ್ಣು ಬೆಳೆಯುವುದು ಶ್ರೀನಿವಾಸಪುರದಲ್ಲಿ, ತಿರುಳು ತೆಗೆಯುವ ಕಾರ್ಖಾನೆಗಳಿರುವುದು ಗಡಿಯಾಚೆ. ಬೆಲೆ ನೆಲ ಕಚ್ಚಿತು, ತಾಲ್ಲೂಕು ಬಂದ್ ಆಯಿತು. ಆಂಧ್ರದಲ್ಲಿ ಆಳುತ್ತಿದ್ದ ತೆಲುಗುದೇಶಂ, ಕೇಂದ್ರದ ಬಿಜೆಪಿ, ಕೋಲಾರದ ಸಂಸದರ ಜನತಾದಳ ಮೂರೂ ಒಂದೇ ಕೂಟ. ಬೆಂಗಳೂರಿನಲ್ಲಿ ಕಾಂಗ್ರೆಸ್ ಸರ್ಕಾರ. ಕೊನೆಗೆ ಕೇಂದ್ರವು ಕ್ವಿಂಟಾಲಿಗೆ 1,616 ರೂಪಾಯಿ ದರ ಕಟ್ಟಿ, ಎರಡೂವರೆ ಲಕ್ಷ ಟನ್ನಿನವರೆಗೆ ಬೆಲೆ ವ್ಯತ್ಯಾಸ ಕೊಡಲು ಒಪ್ಪಿತು. ಅಷ್ಟರಲ್ಲಿ ಎಷ್ಟೋ ಲೋಡು ಹಣ್ಣು ರಸ್ತೆ ಬದಿಯಲ್ಲಿ ಕೊಳೆತಿತ್ತು. ಶ್ರೀನಿವಾಸಪುರದಲ್ಲೇ ಮಾವಿನ ಸಂಸ್ಕರಣಾ ಘಟಕ ಬೇಕೆಂಬ ಬೇಡಿಕೆ ಮಾತ್ರ ಹಳೆಯದು, ಪ್ರತಿ ಚುನಾವಣೆಯಲ್ಲೂ ಮನವಿ ಪತ್ರದಲ್ಲಿ ಇದ್ದೇ ಇರುತ್ತದೆ. ಅಭ್ಯರ್ಥಿಗಳು ಅದನ್ನು ಕೈ ಮುಗಿದು ಸ್ವೀಕರಿಸಿ ಪಕ್ಕದವರ ಕೈಗೆ ದಾಟಿಸುತ್ತಾರೆ.