ಪೆಂಗ್ವಿನ್ ನೋಡುವುದಾದರೆ ತಲೆ ನೋಡಿ

ಹೊಸಬರ ಕಣ್ಣಿಗೆ ಪೆಂಗ್ವಿನ್‌ಗಳೆಲ್ಲ ಒಂದೇ ಅಚ್ಚಿನವು: ಬೆನ್ನು ಕಪ್ಪು, ಹೊಟ್ಟೆ ಬಿಳಿ. ಅದು ಕಡಲು ಹೊಡೆದ ಅಚ್ಚು. ಮೇಲಿನಿಂದ ನೋಡಿದರೆ ಕಪ್ಪು ಬೆನ್ನು ಆಳದ ಕತ್ತಲಲ್ಲಿ ಸೇರಿಹೋಗುತ್ತದೆ, ಕೆಳಗಿನಿಂದ ನೋಡಿದರೆ ಬಿಳಿ ಹೊಟ್ಟೆ ಬೆಳಕಿನಲ್ಲಿ ಕರಗುತ್ತದೆ. ಇಂಥ ಸಮವಸ್ತ್ರ ನೋಡಿ ಯಾರು ಯಾರೆಂದು ಹೇಳಲಾಗದು. ಆದರೆ ಹಕ್ಕಿ ನೀರಿನ ಮೇಲೆ ತೇಲುವಾಗ ಹೊರಗೆ ಕಾಣುವುದು ತಲೆ, ಕತ್ತು, ಎದೆಯ ಮೇಲಂಚು ಅಷ್ಟೆ. ಗುರುತಿನ ಒಡವೆಗಳೆಲ್ಲ ಅಲ್ಲೇ ಇವೆ. ಅಡೆಲಿ ಪೆಂಗ್ವಿನ್ನಿಗೆ ಕಣ್ಣಿನ ಸುತ್ತ ಬಿಳಿ ಉಂಗುರ. ಜೆಂಟೂಗೆ ನೆತ್ತಿಯ ಮೇಲೆ ಹಾದುಹೋದ ಬಿಳಿ ಪಟ್ಟಿ. ಚಿನ್‌ಸ್ಟ್ರಾಪ್‌ಗೆ ಹೆಲ್ಮೆಟ್ ಬಿಗಿದಂತೆ ಗಲ್ಲದಡಿ ತೆಳ್ಳನೆಯ ಕಪ್ಪು ಗೆರೆ. ಬಾಲ ಪೊರಕೆಯಂತಿರುವ ಈ ಮೂರೂ ಒಂದೇ ಕುಲ. ಚಕ್ರವರ್ತಿ ಮತ್ತು ರಾಜ ಪೆಂಗ್ವಿನ್‌ಗಳ ಕಿವಿಯ ಬಳಿ ಹಳದಿ, ಕಿತ್ತಳೆ ಬಣ್ಣ. ಹುಬ್ಬಿನ ಮೇಲೆ ಹಳದಿ ಜುಟ್ಟು ಕಂಡರೆ ಅದು ಬೇರೆಯೇ ಮನೆತನ.

ಬಣ್ಣ ನಂಬಿ ವಂಶ ಹೇಳುವುದೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಮ್ಯಾಕರೋನಿ ಪೆಂಗ್ವಿನ್ನಿನ ಮುಖ ಕಪ್ಪು, ಮಕ್ವಾರಿ ದ್ವೀಪದ ರಾಯಲ್ ಪೆಂಗ್ವಿನ್ನಿನದು ಬಿಳಿ; ಆದರೂ ಅವೆರಡೂ ಒಂದೇ ಪ್ರಭೇದ ಎನ್ನುವ ವಿಜ್ಞಾನಿಗಳಿದ್ದಾರೆ. ಇಂಥ ಜಗಳಗಳಿಂದಾಗಿಯೇ ಒಟ್ಟು ಪ್ರಭೇದಗಳು ಒಂದು ಪಟ್ಟಿಯಲ್ಲಿ 17, ಇನ್ನೊಂದರಲ್ಲಿ 18, ಮತ್ತೊಂದರಲ್ಲಿ ಇನ್ನೂ ಹೆಚ್ಚು. ಲೆಕ್ಕ ಅಲುಗಾಡುವುದು ಪ್ರಭೇದದ ಮಟ್ಟದಲ್ಲಿ. ಈಗ ಬದುಕಿರುವ ಆರು ಕುಲಗಳು ಗಟ್ಟಿಯಾಗಿ ನಿಂತಿವೆ. ಮುಖ ತೋರಿಸಿದ ನಂಟಿಗೆ ಮೊಟ್ಟೆಯೂ ಸಾಕ್ಷಿ ಹೇಳುತ್ತದೆ. ಚಕ್ರವರ್ತಿ, ರಾಜ ಎರಡಕ್ಕೂ ಗೂಡೇ ಇಲ್ಲ, ಇರುವ ಒಂದೇ ಮೊಟ್ಟೆಯನ್ನು ಪಾದಗಳ ಮೇಲಿಟ್ಟು ಕಾವು ಕೊಡುತ್ತವೆ. ಜುಟ್ಟಿನವು ಎರಡಿಡುತ್ತವೆ, ಅದರಲ್ಲಿ ಎರಡನೆಯದೇ ದೊಡ್ಡದು. ಮೊದಲನೆಯದು ಸಾಮಾನ್ಯವಾಗಿ ಉಳಿಯುವುದಿಲ್ಲ. ಹಕ್ಕಿಲೋಕದಲ್ಲೇ ವಿಚಿತ್ರವಾದ ಈ ಪದ್ಧತಿ ಜುಟ್ಟಿನ ಕುಲಕ್ಕೆ ಅಂಟಿಕೊಂಡೇ ಬಂದಿದೆ. ತಲೆಯ ಗುರುತು ಬಾಗಿಲು. ಒಳಗೆ ಕಾಲಿಟ್ಟ ಮೇಲೆ ನಡವಳಿಕೆಯನ್ನೂ ನೋಡಬೇಕು, ಅಷ್ಟೆ.

ಎದೆಯ ಮೇಲೆ ಕಪ್ಪು ಪಟ್ಟಿ ಇರುವ ಕುಲವಂತೂ ಹಿಮದ ನೆಂಟಸ್ತಿಕೆಯನ್ನೇ ಬಿಟ್ಟಿದೆ. ಅದರ ಒಂದು ಪ್ರಭೇದ ದಕ್ಷಿಣ ಆಫ್ರಿಕ ಮತ್ತು ನಮೀಬಿಯದ ಕರಾವಳಿಯಲ್ಲಿ ಕತ್ತೆಯಂತೆ ಅರಚುತ್ತದೆ, ಇನ್ನೊಂದು ಸಮಭಾಜಕದ ಗಲಾಪಗೋಸ್‌ನಲ್ಲಿದೆ. ಪೆರು, ಚಿಲಿ ಕರಾವಳಿಯ ಹಂಬೋಲ್ಟ್ 2016ರಲ್ಲಿ ಮುಂಬಯಿಯ ಬೈಕಲಾ ಮೃಗಾಲಯಕ್ಕೂ ಬಂತು. ಅಲ್ಲಿಗೆ ಹೋದರೆ ಗಾಜಿನ ಮುಂದೆ ಎರಡು ನಿಮಿಷ ನಿಂತು ಎದೆಯ ಮೇಲಿನ ಕಪ್ಪು ಪಟ್ಟಿ ಎಣಿಸಿ. ಒಂದೇ ಇರುತ್ತದೆ. ಮ್ಯಾಗೆಲ್ಲನ್ ಪೆಂಗ್ವಿನ್ನಿಗಾದರೆ ಎರಡು.