ಕೋಣೆಯೊಳಗಣ ಕೇಸರಿ

ಕಾಶ್ಮೀರದ ಪಾಂಪೋರಿನ ಕರೇವಾ ಎಂಬ ಪ್ರಸ್ಥಭೂಮಿಯಲ್ಲಿ ಶತಮಾನಗಳಿಂದ ಬೆಳೆದುಬಂದಿರುವ ಕೇಸರಿಯನ್ನು ನಮ್ಮ ನಗರಗಳ ಮಹಡಿಮನೆಯ ಕೋಣೆಯಲ್ಲಿ, ಮಣ್ಣಿಲ್ಲದೆ, ನೀರೆರೆಯದೆ, ಅಟ್ಟಣೆಯ ಟ್ರೇಗಳ ಮೇಲೆ ಅರಳಿಸಬಹುದೆಂಬ ವಾರ್ತೆಯು ಈಚಿನ ವರ್ಷಗಳಲ್ಲಿ ಪತ್ರಿಕೆಗಳಲ್ಲಿ ಪುನಃ ಪುನಃ ಪ್ರಕಟವಾಗುತ್ತಿರುವುದನ್ನು ವಾಚಕರು ಬಲ್ಲರು. ವಾರ್ತೆ ಸುಳ್ಳಲ್ಲ, ಹೂವು ಅರಳುವುದು ನಿಜ. ಆದರೆ ಹೂವರಳಿದುದರಿಂದ ಬೆಳೆ ಕೈಗೆ ಬಂದಿತೆಂದೂ, ಬೆಳೆ ಕೈಗೆ ಬಂದುದರಿಂದ ಲಾಭವು ದೊರೆಯಿತೆಂದೂ ಸಾಗುವ ತರ್ಕವು ಪರೀಕ್ಷೆಗೆ ಅರ್ಹವಾದುದು.

ಕೇಸರಿಯು ವಂಧ್ಯ ಸಸ್ಯ. ಬೀಜ ಕಟ್ಟುವ ಶಕ್ತಿ ಅದಕ್ಕಿಲ್ಲದ ಕಾರಣ ಅದರ ವಂಶವು ಗಡ್ಡೆಯಿಂದ ಗಡ್ಡೆಗೆ ಮಾತ್ರ ಸಾಗತಕ್ಕದ್ದು. ಬೇಸಗೆಯಲ್ಲಿ 23ರಿಂದ 27 ಡಿಗ್ರಿಯ ಉಷ್ಣತೆಯಲ್ಲಿ ನಿದ್ರಿಸುವ ಗಡ್ಡೆಯ ಗರ್ಭದಲ್ಲಿ ಮೊಗ್ಗು ರೂಪುಗೊಳ್ಳುತ್ತದೆ. ಬಳಿಕ ಉಷ್ಣತೆಯು ಸುಮಾರು 17 ಡಿಗ್ರಿಗೆ ಇಳಿದಾಗ, ತಾನು ಹಿಂದಿನ ವರ್ಷ ಕೂಡಿಟ್ಟುಕೊಂಡ ಆಹಾರದ ಬಲದಿಂದಲೇ ಗಡ್ಡೆಯು ಹೂವನ್ನು ಹೊರದೂಡುತ್ತದೆ. ಕೋಣೆಯು ಈ ಋತುಪರಿವರ್ತನೆಯನ್ನು ಅನುಕರಿಸುವುದಷ್ಟೇ ಹೊರತು ಹೂವಿಗೆ ಆಹಾರವನ್ನೇನೂ ಒದಗಿಸುವುದಿಲ್ಲ. ಮೊದಲನೆಯ ವರ್ಷದ ಹೂವು ಕೋಣೆಯ ಒಡೆಯನ ಸಾಧನೆ ಎನ್ನುವುದಕ್ಕಿಂತ, ಆ ಗಡ್ಡೆಯನ್ನು ಪೋಷಿಸಿದ ದೂರದ ಹೊಲದ ಋಣ ಎನ್ನುವುದೇ ನ್ಯಾಯ.

ಇನ್ನು ವೆಚ್ಚದ ಮಾತು. ಗೋಡೆಗೆ ಉಷ್ಣನಿರೋಧಕ ಹಲಗೆ, ಕಬ್ಬಿಣದ ಅಟ್ಟಣೆ, ಟ್ರೇ, ಕೋಣೆಯನ್ನು ತಂಪಾಗಿಸುವ ಚಿಲ್ಲರ್, ತೇವಾಂಶವನ್ನು ಶೇಕಡಾ 80ರ ಆಸುಪಾಸಿನಲ್ಲಿ ನಿಲ್ಲಿಸುವ ಯಂತ್ರ, ವಿದ್ಯುತ್ತು ಹೋದಾಗ ಆಧಾರವಾಗುವ ಜನರೇಟರು, ಇವೆಲ್ಲ ಒಮ್ಮೆ ಮಾಡತಕ್ಕ ಖರ್ಚು. ಮನೆಯ ಎ.ಸಿ. ಸಾಲದೆ ಎಂದು ಕೇಳುವವರಿದ್ದಾರೆ. ಅದು ತಂಪು ಒದಗಿಸಿದರೂ ಕೋಣೆಯ ತೇವವನ್ನು ಹೀರುವುದು ಅದರ ಸ್ವಭಾವ. ಊರಿನಿಂದ ಊರಿಗೆ ವೆಚ್ಚವು ಭಿನ್ನವಾಗುವುದೂ ಉಂಟು: ಕಾರ್ತಿಕದ ಇರುಳು ತಾನಾಗಿಯೇ ತಂಪಾಗಿರುವ ಬೆಂಗಳೂರಿನಲ್ಲಿ ಯಂತ್ರಕ್ಕೆ ದೊರೆಯುವ ವಿಶ್ರಾಂತಿಯು ರಾಯಚೂರಿನಲ್ಲಿ ದೊರೆಯಲಾರದು.

ಉದಾಹರಣೆಗಾಗಿ, ಒಂದು ಚಿಕ್ಕ ಕೋಣೆಯಲ್ಲಿ 300 ಕಿಲೋ ಗಡ್ಡೆಯನ್ನು ಇಟ್ಟರೆಂದು ಭಾವಿಸೋಣ. ಕಿಲೋ ಒಂದಕ್ಕೆ 500 ರೂಪಾಯಿ ಎಂದು ಹಿಡಿದರೆ ಗಡ್ಡೆಗೇ ಒಂದೂವರೆ ಲಕ್ಷ. ಗಡ್ಡೆ ಒಂದಕ್ಕೆ 10 ಗ್ರಾಂ ತೂಕ, ಸರಾಸರಿ ಒಂದೂವರೆ ಹೂವು ಎಂದಿಟ್ಟುಕೊಂಡರೆ 30,000 ಗಡ್ಡೆಗಳಿಂದ 45,000 ಹೂವು. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂವು ಬೇಕಾದುದರಿಂದ ಫಲವು 300 ಗ್ರಾಂ. ಗ್ರಾಮಿಗೆ 300 ರೂಪಾಯಿಯಂತೆ 90,000. ಒಂದೂವರೆ ಕಿಲೋವಾಟಿನ ಚಿಲ್ಲರು ದಿನಕ್ಕೆ 12 ಗಂಟೆಯಂತೆ 90 ದಿನ ನಡೆದರೆ 1,620 ಯೂನಿಟ್; ಯೂನಿಟ್ಟಿಗೆ 8 ರೂಪಾಯಿಯಾದರೆ ಸುಮಾರು 13,000. ಉಳಿದ 77,000 ರೂಪಾಯಿಯು ಗಡ್ಡೆಯ ಬೆಲೆಯ ಅರ್ಧದಷ್ಟು ಮಾತ್ರ. ಗಡ್ಡೆಯು ಮುಂದಿನ ವರ್ಷಕ್ಕೂ ಅದೇ ತೂಕದಲ್ಲಿ ಉಳಿದರೆ ಇದು ಆದಾಯ. ಕ್ಷಯಿಸಿದರೆ, ಇಡುಗಂಟನ್ನು ಕರಗಿಸಿ ಸಂಪಾದನೆಯೆಂದು ಹೇಳಿಕೊಳ್ಳುವವನ ಜಂಬ.

ಪ್ರಚಾರಕರ ಲೆಕ್ಕವು ಮೌನ ವಹಿಸುವುದು ಇಲ್ಲಿಯೇ. ಹೂವು ಮುಗಿದ ಮೇಲೆ ತಾಯಿಗಡ್ಡೆಯು ಸುಕ್ಕುಗಟ್ಟಿ ಬತ್ತುತ್ತದೆ. ಅದರ ಸ್ಥಾನದಲ್ಲಿ ಮರಿಗಡ್ಡೆಗಳು ಹುಟ್ಟಿ ದಪ್ಪವಾಗಬೇಕಾದರೆ ಎಲೆಗೆ ಬೆಳಕು, ಬೇರಿಗೆ ಮಣ್ಣು, ಚಳಿಗಾಲದ ತಂಪು, ಇವು ಐದಾರು ತಿಂಗಳ ಕಾಲ ಬೇಕು. ಎಂಟು ಗ್ರಾಮಿಗಿಂತ ಕಿರಿದಾದ ಗಡ್ಡೆಯು ಹೂ ಬಿಡುವುದು ವಿರಳ. ಕಾಶ್ಮೀರದಲ್ಲಿಯೂ ಈಗ ಕೆಲವು ರೈತರು ಮಳೆಯ ಅನಿಶ್ಚಯಕ್ಕೆ ಅಂಜಿ ಗಡ್ಡೆಗಳನ್ನು ಕೋಣೆಯಲ್ಲಿ ಅರಳಿಸುತ್ತಾರೆ. ಆದರೆ ಹೂ ಕೊಯ್ದ ಬಳಿಕ ಅವನ್ನು ಹೊಲಕ್ಕೆ ಮರಳಿಸುತ್ತಾರೆ. ಹೊಲವೇ ಇಲ್ಲದ ನಗರವಾಸಿಯು ಆ ಐದಾರು ತಿಂಗಳ ಸೂರ್ಯನನ್ನೂ ಕೊಳ್ಳಬೇಕು. ಒಂದು ಕಿಲೋವಾಟಿನಷ್ಟು ಎಲ್‌ಇಡಿ ದೀಪಗಳು ದಿನಕ್ಕೆ 12 ಗಂಟೆಯಂತೆ 150 ದಿನ ಉರಿದರೆ 1,800 ಯೂನಿಟ್, ಎಂದರೆ ಹೂವಿನ ಕಾಲದ ವಿದ್ಯುತ್ತಿಗಿಂತ ಹೆಚ್ಚು. ದೀಪವು ಚೆಲ್ಲುವ ಕಾವನ್ನು ಹೊರಹಾಕಲು ಚಿಲ್ಲರು ಮತ್ತೆ ದುಡಿಯಬೇಕು. ಇದರ ನಡುವೆ ಫ್ಯುಸೇರಿಯಂ ಶಿಲೀಂಧ್ರದಿಂದ ಕೊಳೆರೋಗವೇನಾದರೂ ತಗುಲಿದರೆ, ತೇವ ತುಂಬಿದ ಮುಚ್ಚಿದ ಕೋಣೆಯು ಅದಕ್ಕೆ ಅನುಕೂಲವೇ ಹೊರತು ಪ್ರತಿಕೂಲವಲ್ಲ.

ಬೆಲೆಯ ವಿಷಯದಲ್ಲಿಯೂ ಒಂದು ಭ್ರಮೆಯಿದೆ. ಕಾಶ್ಮೀರದ ಕೇಸರಿಗೆ 2020ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ; ಗಡ್ಡೆಯು ಪಾಂಪೋರಿನಿಂದಲೇ ಬಂದಿದ್ದರೂ ಇಲ್ಲಿ ಅರಳಿದ ಹೂವಿಗೆ ಆ ಹೆಸರೂ ಅದು ತರುವ ಬೆಲೆಯೂ ಸಲ್ಲವು. ಹೂವಿನಿಂದ ಮೂರು ಎಳೆಗಳನ್ನು ಬಿಡಿಸುವ ದುಡಿಮೆಯನ್ನಂತೂ ಮನೆಮಂದಿಯ ತಲೆಗೆ ಕಟ್ಟಿ ಶೂನ್ಯವೆಂದು ಬರೆಯುವುದು ವಾಡಿಕೆ.

ಕುತೂಹಲಕ್ಕಾಗಿ ಹತ್ತು ಕಿಲೋ ಗಡ್ಡೆ ತಂದು ಅರಳಿಸಿ ಸಂತೋಷಪಡುವವರನ್ನು ನಾನು ಆಕ್ಷೇಪಿಸಲಾರೆ. ನೇರಳೆ ಹೂವಿನ ನಡುವಣ ಆ ಕೆಂಪು ಎಳೆಗಳ ಚೆಲುವು ಅಲ್ಪವಾದುದಲ್ಲ. ಸಾಲ ಮಾಡಿ ಜೀವನೋಪಾಯವಾಗಿ ಕೈಗೊಳ್ಳುವುದಕ್ಕೆ ಮಾತ್ರ ಹೊಲದ ಆಸರೆಯಿಲ್ಲದ ಈ ಪದ್ಧತಿಯು ಯೋಗ್ಯವಲ್ಲವೆಂದೇ ನನ್ನ ಅಭಿಮತ. ತರಬೇತಿ ನೀಡುವವನೂ ಗಡ್ಡೆ ಮಾರುವವನೂ ಒಬ್ಬನೇ ಆಗಿದ್ದಲ್ಲಿ, ಶುಲ್ಕ ತೆರುವ ಮುನ್ನ, ಅವನು ಮೊದಲ ವರ್ಷ ಕೊಂಡ ಗಡ್ಡೆಯ ತೂಕವೆಷ್ಟು, ಮೂರನೆಯ ವರ್ಷ ಉಳಿದಿರುವ ತೂಕವೆಷ್ಟು ಎಂದು ವಾಚಕರು ದಯಮಾಡಿ ಕೇಳಿ, ತಕ್ಕಡಿಯ ಮೇಲೆ ಇಡಿಸಿ ನೋಡಬೇಕು.