ಕಾವಲಿಲ್ಲದ ಪರೀಕ್ಷಾ ಕೊಠಡಿ

ಪ್ರಶ್ನೆಪತ್ರಿಕೆ ಹಂಚಿ ಮೇಷ್ಟ್ರು ಹೊರಗೆ ಹೋಗಿಬಿಡುವ ಪರೀಕ್ಷೆಯನ್ನು ನಮ್ಮಲ್ಲಿ ಊಹಿಸಿಕೊಳ್ಳುವುದೂ ಕಷ್ಟ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ಅದು ಹಳೆಯ ರೂಢಿ. ಉತ್ತರ ಬರೆದ ಮೇಲೆ, ಯಾರಿಂದಲೂ ನೆರವು ಪಡೆದಿಲ್ಲ, ಯಾರಿಗೂ ಕೊಟ್ಟಿಲ್ಲ ಎಂಬ ಒಂದು ಸಾಲಿನ ಪ್ರಮಾಣಕ್ಕೆ ವಿದ್ಯಾರ್ಥಿ ರುಜು ಹಾಕಬೇಕು. ಸುಳ್ಳು ಹೇಳಬಾರದು, ನಕಲು ಮಾಡಬಾರದು, ಕದಿಯಬಾರದು. ಅಲ್ಲಿನ ಗೌರವ ಸಂಹಿತೆಯ ಸಾರ ಇಷ್ಟೇ. ಆರೋಪ ಬಂದರೆ ವಿಚಾರಣೆ ನಡೆಸುವವರೂ ತೀರ್ಪು ಕೊಡುವವರೂ ವಿದ್ಯಾರ್ಥಿಗಳೇ. ತಪ್ಪು ಸಾಬೀತಾದರೆ ಬಹುಕಾಲ ಅಲ್ಲಿದ್ದದ್ದು ಒಂದೇ ಶಿಕ್ಷೆ: ಶಾಶ್ವತ ಉಚ್ಚಾಟನೆ. ಈ ಸಂಹಿತೆಯನ್ನು ಮೆಚ್ಚುವವರು ಹೆಚ್ಚಾಗಿ ಮೆಚ್ಚುವುದು ಈ ಕಾಠಿಣ್ಯವನ್ನೇ. ಅದರ ನಿಜವಾದ ಶಕ್ತಿ ಇರುವುದು ಕಾವಲಿಲ್ಲದ ಕೊಠಡಿಯಲ್ಲಿ, ಒಂದೇ ಶಿಕ್ಷೆಯ ಹಟ ಅದನ್ನು ಒಳಗೊಳಗೇ ಟೊಳ್ಳು ಮಾಡುತ್ತ ಬಂತು ಎಂಬುದು ನನ್ನ ಅನಿಸಿಕೆ.

ಇದರ ಹುಟ್ಟು ಯಾವ ಆದರ್ಶದಿಂದಲೂ ಆದದ್ದಲ್ಲ. ಥಾಮಸ್ ಜೆಫರ್ಸನ್ ಸ್ಥಾಪಿಸಿದ ಈ ವಿಶ್ವವಿದ್ಯಾಲಯಕ್ಕೆ ಮೊದಮೊದಲು ಬರುತ್ತಿದ್ದವರು ದಕ್ಷಿಣದ ತೋಟದ ಧಣಿಗಳ ಮಕ್ಕಳು. ಕುಡಿತ, ಜೂಜು, ದಾಂಧಲೆ ಎಲ್ಲವೂ ಇತ್ತು. ಅಧ್ಯಾಪಕರೊಂದಿಗೆ ಜಗಳ ನಿತ್ಯದ ಮಾತು. 1840ರ ನವೆಂಬರ್‌ನಲ್ಲಿ ಮುಖವಾಡ ತೊಟ್ಟು ಗಲಾಟೆ ಮಾಡುತ್ತಿದ್ದ ಒಬ್ಬ ವಿದ್ಯಾರ್ಥಿಯನ್ನು ಹಿಡಿಯಹೋದ ಕಾನೂನು ಪ್ರಾಧ್ಯಾಪಕ ಜಾನ್ ಡೇವಿಸ್ ಗುಂಡೇಟು ತಿಂದು ಸತ್ತರು. ಎರಡು ವರ್ಷದೊಳಗೆ, 1842ರಲ್ಲಿ, ಹೆನ್ರಿ ಸೇಂಟ್ ಜಾರ್ಜ್ ಟಕರ್ ಎಂಬ ಮತ್ತೊಬ್ಬ ಕಾನೂನು ಪ್ರಾಧ್ಯಾಪಕರು ಪರೀಕ್ಷೆಯ ಪ್ರಮಾಣದ ಗೊತ್ತುವಳಿ ಮಂಡಿಸಿದರು. ಮಾನದ ಹೆಸರಿನಲ್ಲಿ ಪಿಸ್ತೂಲು ಎತ್ತುತ್ತಿದ್ದ ಹುಡುಗರ ಕೈಯಲ್ಲಿ ಆ ಮಾನವನ್ನೇ ಪರೀಕ್ಷೆಗೆ ಒತ್ತೆ ಇಡಿಸಿದ್ದು ಜಾಣತನವೇ ಸರಿ. ಆದರೆ ಆ ಕಟ್ಟಡಗಳನ್ನು ಕಟ್ಟಿದವರಲ್ಲಿ, ಆ ಹುಡುಗರ ಚಾಕರಿ ಮಾಡಿದವರಲ್ಲಿ ಗುಲಾಮರಿದ್ದರು. ಈ ಮಾನದ ಲೆಕ್ಕದಲ್ಲಿ ಅವರಿಗೆ ಜಾಗವಿರಲಿಲ್ಲ. ಮುಂದೆ ಕರಿಯರು, ಮಹಿಳೆಯರು, ಹೊರದೇಶದವರು ಅದೇ ತರಗತಿಗಳಿಗೆ ಬಂದಾಗ, ದೂರುಗಳು ಎಲ್ಲರ ಮೇಲೂ ಒಂದೇ ಸಮ ಬೀಳುತ್ತಿವೆಯೇ ಎಂಬ ಪ್ರಶ್ನೆ ಎದ್ದು, ಇವತ್ತಿಗೂ ಸಂಹಿತೆಯ ಬೆನ್ನು ಬಿಟ್ಟಿಲ್ಲ.

2001ರಲ್ಲಿ ಸಂಹಿತೆಗೆ ದೊಡ್ಡ ಪೆಟ್ಟು ಬಿತ್ತು. ಹಳೆಯ ಪ್ರಬಂಧಗಳನ್ನೇ ತಿರುಗಿ ಸಲ್ಲಿಸಿ ಕೆಲವರು ಒಳ್ಳೆಯ ಅಂಕ ಗಿಟ್ಟಿಸುತ್ತಿದ್ದಾರೆಂದು ಒಬ್ಬ ವಿದ್ಯಾರ್ಥಿ ಭೌತವಿಜ್ಞಾನದ ಪ್ರಾಧ್ಯಾಪಕ ಲೂಯಿ ಬ್ಲೂಮ್‌ಫೀಲ್ಡ್ ಅವರಿಗೆ ತಿಳಿಸಿದ. ಅವರು ಒಂದು ಕಂಪ್ಯೂಟರ್ ಪ್ರೋಗ್ರಾಮ್ ಬರೆದು, ಹಲವು ಸೆಮಿಸ್ಟರ್‌ಗಳ ಪ್ರಬಂಧಗಳನ್ನು ತಾಳೆ ನೋಡಿದರು. ಸಾಲುಸಾಲು ಪದಗಳು ಹಾಗೆಹಾಗೇ ಸಿಕ್ಕವು. ನೂರಕ್ಕೂ ಹೆಚ್ಚು ಮಂದಿಯ ಮೇಲೆ ದೂರು ಹೋಯಿತು. ನಲವತ್ತಕ್ಕೂ ಹೆಚ್ಚು ಮಂದಿ ಉಚ್ಚಾಟನೆಗೊಂಡರು ಇಲ್ಲವೇ ತಾವೇ ಬಿಟ್ಟುಹೋದರು. ಸಂಹಿತೆ ಕೆಲಸ ಮಾಡಿತೆಂದು ಆಗ ಹೆಮ್ಮೆಪಟ್ಟವರಿದ್ದಾರೆ. ನನಗೆ ಎದ್ದು ಕಾಣುವುದು ಬೇರೆ ಸಂಗತಿ. ಅಷ್ಟು ಸೆಮಿಸ್ಟರ್ ಅಷ್ಟು ಜನ ಪ್ರಬಂಧ ಕೈಬದಲಾಯಿಸಿದ್ದು ಗೆಳೆಯರಿಗೆ, ರೂಮ್‌ಮೇಟ್‌ಗಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು, ಸುಮ್ಮನಿದ್ದರು ಎಂದೇ ನಾನು ನಂಬುತ್ತೇನೆ. ಒಂದು ಪ್ರಬಂಧ ಕಾಪಿ ಹೊಡೆದ ಗೆಳೆಯನ ಓದೇ ನಿಂತುಹೋಗುತ್ತದೆಂದರೆ ಎಷ್ಟು ಮಂದಿ ಬಾಯಿ ಬಿಟ್ಟಾರು? ತೀರ್ಪುಗಾರರ ಜಾಗದಲ್ಲಿ ಕೂತ ಸಹಪಾಠಿಗೂ ಅದೇ ಸಂಕಟ. ದಂಡ ದೊಡ್ಡದಾದಷ್ಟೂ ಸಣ್ಣ ತಪ್ಪುಗಳು ಕಣ್ಣುತಪ್ಪಿಸಿ ಉಳಿದುಕೊಳ್ಳುತ್ತವೆ.

ಸಂಹಿತೆ ಇರುವ ಕಾಲೇಜುಗಳಲ್ಲಿ ನಕಲು ಕಡಿಮೆಯೇ? ಡೊನಾಲ್ಡ್ ಮೆಕೇಬ್ ಎಂಬ ಸಂಶೋಧಕರು 1990ರ ಸುಮಾರಿಗೆ 31 ಕಾಲೇಜುಗಳ 6,000ಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನು ಕೇಳಿ ಕಂಡುಕೊಂಡ ಉತ್ತರ ಹೌದು, ಕಡಿಮೆ. ಆದರೆ ಇಲ್ಲ ಎನ್ನುವಷ್ಟೇನೂ ಅಲ್ಲ. ಜೊತೆಯವರು ಏನು ಮಾಡುತ್ತಾರೆ, ಯಾವುದನ್ನು ನಾಚಿಕೆಗೇಡು ಎಂದುಕೊಳ್ಳುತ್ತಾರೆ ಎನ್ನುವುದೇ ಎಲ್ಲಕ್ಕಿಂತ ಹೆಚ್ಚು ತೂಗುತ್ತದೆಂದು ಅವರು ಮತ್ತೆ ಮತ್ತೆ ಬರೆದರು. ಬರೀ ರುಜುವಿನಿಂದ ಪ್ರಾಮಾಣಿಕತೆ ಬರುತ್ತದೆಯೇ ಎಂಬುದಕ್ಕೆ ಇನ್ನೊಂದು ಕಥೆಯಿದೆ. ಪ್ರಮಾಣಕ್ಕೆ ಫಾರಂನ ಕೊನೆಯಲ್ಲಿ ಹಾಕಿಸುವ ರುಜುವನ್ನು ಮೊದಲಲ್ಲೇ ಹಾಕಿಸಿದರೆ ಜನ ಕಡಿಮೆ ಸುಳ್ಳು ಹೇಳುತ್ತಾರೆಂದು 2012ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಒಂದು ಪ್ರಬಂಧ ಬಂತು. ಬಹಳ ಹೆಸರು ಮಾಡಿತು. ಅದರಲ್ಲಿದ್ದ ಒಂದು ಪ್ರಯೋಗದ ಅಂಕಿಅಂಶ ಕಟ್ಟುಕಥೆಯೆಂದು ಬಯಲಾಗಿ 2021ರಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು. ಪ್ರಾಮಾಣಿಕತೆಯ ಸಂಶೋಧನೆಗೇ ಈ ಗತಿ!

ನಂಬಿಕೆಯ ಬದಲು ಕಾವಲನ್ನೇ ನೆಚ್ಚುವ ಇನ್ನೊಂದು ತುದಿಯನ್ನು ನೋಡಬೇಕೆಂದರೆ ದೂರ ಹೋಗಬೇಕಿಲ್ಲ. 2019ರ ಅಕ್ಟೋಬರ್‌ನಲ್ಲಿ ಹಾವೇರಿಯ ಒಂದು ಪಿಯು ಕಾಲೇಜಿನಲ್ಲಿ, ಪಕ್ಕದವರ ಹಾಳೆ ಕಾಣದಂತೆ ಮಕ್ಕಳ ತಲೆಗೆ ರಟ್ಟಿನ ಡಬ್ಬಿ ತೊಡಿಸಿ ಪರೀಕ್ಷೆ ಬರೆಸಿದರು. ಫೋಟೋ ಎಲ್ಲೆಡೆ ಹರಿದಾಡಿ, ಇಲಾಖೆ ತರಾಟೆಗೆ ತೆಗೆದುಕೊಂಡಿತು. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ 83.89 ಇದ್ದ ಫಲಿತಾಂಶ, ಕೃಪಾಂಕ ಹೆಚ್ಚಿಸಿಯೂ, ಶೇಕಡಾ 73.40ಕ್ಕೆ ಇಳಿಯಿತು. ಕ್ಯಾಮೆರಾ ನಕಲನ್ನು ತಡೆಯುತ್ತದೆ, ಅದನ್ನು ಅಲ್ಲಗಳೆಯಲಾರೆ. ಕ್ಯಾಮೆರಾ ಇಲ್ಲದ ಕಡೆ ಆ ಹುಡುಗರು ಏನು ಮಾಡುತ್ತಾರೆಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ವರ್ಜೀನಿಯಾದ ಸಂಹಿತೆ ಎಷ್ಟೇ ಸೋತಿರಲಿ, ಅದು ಕೈಹಾಕಿದ್ದು ಈ ಎರಡನೆಯ ಪ್ರಶ್ನೆಗೆ.

ಕೊನೆಗೆ ಶಿಕ್ಷೆಯನ್ನು ಸಡಿಲಿಸಿದವರು ಆಡಳಿತದವರಲ್ಲ, ವಿದ್ಯಾರ್ಥಿಗಳು. ದೂರು ಬಂದ ಮೇಲೆ ವಿಚಾರಣೆಗೆ ಮೊದಲೇ ತಪ್ಪೊಪ್ಪಿಕೊಂಡವರು ಎರಡು ಸೆಮಿಸ್ಟರ್ ಹೊರಗಿದ್ದು ಮರಳಬಹುದೆಂದು 2013ರಲ್ಲಿ ಮತ ಹಾಕಿದರು. 2022ರಲ್ಲಿ ಮತ ಹಾಕಿದವರ ಪೈಕಿ ಶೇಕಡಾ 80ಕ್ಕೂ ಹೆಚ್ಚು ಮಂದಿ ಉಚ್ಚಾಟನೆಯನ್ನೇ ಕೈಬಿಟ್ಟು, ತಪ್ಪಿತಸ್ಥರೆಲ್ಲರಿಗೂ ಎರಡು ಸೆಮಿಸ್ಟರ್‌ಗಳ ಅಮಾನತು ಸಾಕೆಂದರು. ಮರುವರ್ಷ, ತಪ್ಪಿಗೆ ತಕ್ಕಂತೆ ಬೇರೆಬೇರೆ ಶಿಕ್ಷೆ ಕೊಡುವ ಪದ್ಧತಿ ಬಂತು. ಪರಂಪರೆ ಹಾಳಾಯಿತೆಂದು ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಕೊರಗಿದರು. 1842ರ ನಂತರ ಈ ಸಂಹಿತೆಗೆ ಸಿಕ್ಕ ಅತ್ಯುತ್ತಮ ತಿದ್ದುಪಡಿ ಇದೇ ಎಂದು ನಾನು ಹೇಳುತ್ತೇನೆ. ದೂರು ಕೊಡುವವರಿಗೆ ಈಗ ಗೆಳೆಯನ ಬದುಕು ಹಾಳುಮಾಡಿದ ಪಾಪ ಸುತ್ತಿಕೊಳ್ಳುವುದಿಲ್ಲ. ತಪ್ಪಿದವರಿಗೂ ತಿದ್ದಿಕೊಂಡು ಬರಲು ದಾರಿಯಿದೆ. ಇನ್ನು ಚಾಟ್‌ಜಿಪಿಟಿ ಬರೆದುಕೊಟ್ಟ ಪ್ರಬಂಧಕ್ಕೆ ಆ ಒಂದು ಸಾಲಿನ ಪ್ರಮಾಣ ಸಾಲದು. ಯಾವ ಕೆಲಸಕ್ಕೆ ಯಾವ ನೆರವು ಸರಿ ಎಂದು ಪ್ರತಿ ಅಧ್ಯಾಪಕರೂ ಮೊದಲ ದಿನವೇ ಬರೆದು ತಿಳಿಸಬೇಕಾಗುತ್ತದೆ. ಆ ಕೆಲಸ ಮಾಡದ ಅಧ್ಯಾಪಕರಿಗೆ ವಿದ್ಯಾರ್ಥಿಗಳ ಮಾನದ ಬಗ್ಗೆ ಮಾತಾಡುವ ಹಕ್ಕಿಲ್ಲ.